ಘಟ್ಟದ ಮೇಲಿನ ಸಭೆಗೆ ಬಾಸೆಲಿನ ಕಟ್ಟಳೆ

ಹತ್ತೊಂಬತ್ತನೆಯ ಶತಮಾನದ ನಡುವಿನ ಹೊತ್ತಿಗೆ ವಯನಾಡನ್ನು ಮೂರು ಕಡೆಯಿಂದ ಬಾಸೆಲ್ ಮಿಶನ್ ಬಳಸಿಕೊಂಡಿತ್ತು. ಪಡುವಲಿಗೆ ಘಟ್ಟ ಇಳಿದರೆ ತಲಚೇರಿ, ಕಣ್ಣೂರು, ಕಲ್ಲಿಕೋಟೆಗಳಲ್ಲಿ ಅದರ ಬಂಗಲೆಗಳು, ಶಾಲೆಗಳು, ಸಭೆಗಳು. ಮೂಡಲಿಗೆ ನೀಲಗಿರಿಯ ಕೇತಿಯಲ್ಲಿ ಬಡಗರ ನಡುವೆ ಒಂದು ಠಾಣೆ. ಬಡಗಲಿಗೆ ಕೊಡಗಿನಲ್ಲಿ, ಕಾಡು ಕಡಿದು ಎಬ್ಬಿಸಿದ ಆನಂದಪುರವೆಂಬ ಹೊಸ ಊರು. ವಯನಾಡಿನೊಳಗೆ ಮಾತ್ರ ಮಂಗಳೂರಿನ ಬಲ್ಮಠದಂಥ, ತಲಚೇರಿಯ ಇಲ್ಲಿಕುನ್ನಿನಂಥ ಹೆಸರಾದ ಠಾಣೆ ಹುಟ್ಟಲಿಲ್ಲ. ಅಲ್ಲಿ ಬೇರೂರುತ್ತಿದ್ದದ್ದು ಕಾಫಿ. ಮಾನಂತವಾಡಿಯ ಸುತ್ತ ಬಿಳಿಯರ ತೋಟಗಳು ಏಳುತ್ತಿದ್ದವು. ವಳ್ಳಿಯೂರ್‌ಕಾವಿನ ಜಾತ್ರೆಯಲ್ಲಿ ಪಣಿಯರನ್ನೂ ಅಡಿಯರನ್ನೂ ಒಡೆಯರು ವರ್ಷದ ಜೀತಕ್ಕೆ ಗೊತ್ತುಮಾಡಿಕೊಳ್ಳುತ್ತಿದ್ದರು. ಗುಲಾಮಗಿರಿಗೆ ಕೋರ್ಟಿನ ಮಾನ್ಯತೆ ಇಲ್ಲವೆಂದು ಕಂಪನಿ ಸರಕಾರ 1843ರಲ್ಲೇ ಕಾಯಿದೆ ಮಾಡಿತ್ತು. ಜಾತ್ರೆಗೆ ಆ ಸುದ್ದಿ ತಲುಪಿದಂತೆ ಕಾಣುವುದಿಲ್ಲ.

ವಯನಾಡಿನಲ್ಲಿ ಅಡಿಯರೆನಿಸಿಕೊಳ್ಳುವ ಜನವೇ ಗಡಿಯ ಆಚೆ ಕೊಡಗಿನಲ್ಲಿ ಯರವರು. ತಮ್ಮನ್ನು ತಾವು ಎರಡೂ ಕಡೆ ರಾವುಳರೆಂದೇ ಕರೆದುಕೊಳ್ಳುತ್ತಾರೆ. ಕುಟ್ಟದ ಕಾಡುದಾರಿಯಲ್ಲಿ ಜನ, ಜಾನುವಾರು, ಸಾಲ, ಸಂಬಂಧ ಎಲ್ಲ ಓಡಾಡಿಕೊಂಡಿದ್ದವು. ಹೀಗೆ ಒಂದೇ ಜನ ಹಬ್ಬಿಕೊಂಡಿದ್ದ ಈ ಬೆಟ್ಟಸಾಲಿನಲ್ಲಿ ಒಂದೇ ಮಿಶನ್ನಿನ ಮಕ್ಕಳು ಮುಂದೆ ಅರ್ಧ ಶತಮಾನ ಕಾಲ ಬೇರೆ ಬೇರೆ ಸಭೆಗಳವರಾಗಿ ಬಾಳಬೇಕಾಯಿತು. ಅದಕ್ಕೆ ಕಾರಣವಾದ ಜಗಳದ ಬೇರು ಇಲ್ಲಿನದಲ್ಲ. ಅದು ಜರ್ಮನಿಯಿಂದ ಹಡಗಿನಲ್ಲಿ ಬಂದು, ಮಂಗಳೂರಿನಲ್ಲಿ ಚಿಗುರಿ, ಕೊಡಗಿನ ಕಾಡಿನಲ್ಲಿ ಮರವಾಯಿತು.

ಬಾಸೆಲ್ ಮಿಶನ್ 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಹುಟ್ಟಿತು. ಪಟ್ಟಣ ಸ್ವಿಸ್ ರಿಫಾರ್ಮ್ಡ್ ಸಭೆಯವರದು. ಕೆಲಸಕ್ಕೆ ಹೊರಟ ಹುಡುಗರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗಿನ ಲೂಥರನ್ನರು. ಈ ಲೂಥರನ್ನರಲ್ಲೂ ಅವರು ಪಯಟಿಸ್ಟರು. ಮನೆಮನೆಯ ಪ್ರಾರ್ಥನೆ, ಬೈಬಲ್ ಪಾರಾಯಣ, ಒಳಗಿನ ಪರಿವರ್ತನೆ ಇವೇ ಅವರಿಗೆ ಧರ್ಮದ ತಿರುಳು. ಕರ್ತನ ಭೋಜನದ ರೊಟ್ಟಿಯಲ್ಲಿ ಕ್ರಿಸ್ತ ಹೇಗೆ ಇರುತ್ತಾನೆ ಎಂಬ ಮುನ್ನೂರು ವರ್ಷಗಳ ಹಳೆಯ ವ್ಯಾಜ್ಯವನ್ನು ಬಾಸೆಲಿನವರು ಬಾಗಿಲ ಹೊರಗೆ ಬಿಟ್ಟುಬಂದಿದ್ದರು. ನಿಷ್ಠ ಲೂಥರನ್ನರಿಗೆ ಇದೇ ಕಣ್ಣುಕಿಸುರು. ಆಗ್ಸ್‌ಬರ್ಗ್ ಅರಿಕೆಯೆಂಬ ಲೂಥರನ್ ನಂಬಿಕೆಯ ಹೇಳಿಕೆಗೆ ಗಟ್ಟಿಯಾಗಿ ಕಟ್ಟುಬಿದ್ದವರು 1836ರಲ್ಲಿ ಡ್ರೆಸ್ಡನ್ನಿನಲ್ಲಿ ತಮ್ಮದೇ ಮಿಶನ್ ಮಾಡಿಕೊಂಡರು. ಅದು 1848ರಲ್ಲಿ ಲೈಪ್‌ಜಿಗ್ಗಿಗೆ ನೆಲೆ ಬದಲಿಸಿತು. ತಮಿಳುನಾಡಿನ ತರಂಗಂಬಾಡಿಯಲ್ಲಿ 1706ರಿಂದ ಇದ್ದ ಹಳೆಯ ಲೂಥರನ್ ಆಸ್ತಿ ಅವರ ಪಾಲಿಗೆ ಬಂತು. ಹೀಗಾಗಿ ದಕ್ಷಿಣ ಭಾರತದಲ್ಲಿ ಲೂಥರನ ಹೆಸರು ಹೇಳುವ ಎರಡು ಮನೆಗಳಾದವು. ಪೂರ್ವ ಕರಾವಳಿಯಲ್ಲಿ ಕಟ್ಟುನಿಟ್ಟಿನದು, ಪಶ್ಚಿಮ ಕರಾವಳಿಯಲ್ಲಿ ಹೊಂದಾಣಿಕೆಯದು. ಇಷ್ಟನ್ನೇ ನೋಡಿದರೆ ಮಡಿವಂತರು ಯಾರು, ಬದಲಾವಣೆಯವರು ಯಾರು ಎಂದು ಹೇಳುವುದು ಸುಲಭ. ಸ್ವಲ್ಪ ತಡೆಯಿರಿ.

1834ರ ಅಕ್ಟೋಬರಿನಲ್ಲಿ ಸಾಮುಯೆಲ್ ಹೆಬಿಕ್, ಯೋಹಾನ್ ಲೇನರ್, ಕ್ರಿಸ್ಟಿಯನ್ ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು, ತಿಂಗಳ ಕೊನೆಗೆ ಮಂಗಳೂರು ತಲುಪಿದರು. 1836ರಲ್ಲಿ ಹರ್ಮನ್ ಮೋಗ್ಲಿಂಗ್ ಬಂದರು. ಅವರ ಹಿಂದೆ ಅವರ ದಾಯಾದಿ ಗಾಟ್‌ಫ್ರೀಡ್ ವೈಗ್ಲೆ. ಬೇರೆ ದಾರಿಯಿಂದ ಭಾರತಕ್ಕೆ ಬಂದಿದ್ದ ಹರ್ಮನ್ ಗುಂಡರ್ಟ್ 1838ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ ಸೇರಿ, ಮರುವರ್ಷ ತಲಚೇರಿಗೆ ಹೋಗಿ ಮಲಯಾಳದ ಕೆಲಸ ಹಿಡಿದರು. ಈ ಪಟ್ಟಿಯಲ್ಲಿ ಒಂದು ಬಿರುಕು ಮೊದಲಿನಿಂದಲೇ ಇದೆ. ಮೋಗ್ಲಿಂಗ್, ವೈಗ್ಲೆ, ಗುಂಡರ್ಟ್ ಮೂವರೂ ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಓದಿದವರು. ಮಿಕ್ಕವರಲ್ಲಿ ಬಹಳಷ್ಟು ಮಂದಿ ರೈತರ, ಕುಶಲಕರ್ಮಿಗಳ ಮನೆಯ ಮಕ್ಕಳು; ಬಾಸೆಲಿನ ಸೆಮಿನರಿಯಲ್ಲಿ ಗಂಟೆ ಬಾರಿಸಿದಾಗ ಎದ್ದು, ಗಂಟೆ ಬಾರಿಸಿದಾಗ ಮಲಗಿ, ಮೇಲಿನವರ ಮಾತೇ ದೇವರ ಚಿತ್ತವೆಂದು ಕಲಿತವರು. ಓದಿದವರಿಗೆ ಪ್ರಶ್ನೆ ಕೇಳುವ ಚಾಳಿ ಇತ್ತು. ಮಿಶನ್ನಿನ ಮುಂದಿನ ರಗಳೆಗಳಲ್ಲಿ ಅರ್ಧಪಾಲು ಈ ಚಾಳಿಯಿಂದ ಬಂದದ್ದು ಎಂದು ನನಗೆ ಅನಿಸುತ್ತದೆ.

ಹೆಬಿಕ್ ಮಾತು ಬೇರೆ. ಉದ್ದ ಗಡ್ಡ, ಏರುದನಿ, ಜಾತ್ರೆಯ ನಡುವೆ ನಿಂತು ಸಾರುವ ಛಲ. ಎಲ್ಲರ ಮೇಲೂ ಯಜಮಾನಿಕೆ ನಡೆಸುವ ಸ್ವಭಾವದಿಂದ ಜೊತೆಗಾರರಿಗೆ ಹೊಂದಿಕೊಂಡು ಹೋಗುವುದು ಕಷ್ಟವಾಗುತ್ತಿತ್ತು. 1841ರಲ್ಲಿ ಕಣ್ಣೂರಿಗೆ ಹೋಗಿ, ಅಲ್ಲಿನ ದಂಡಿನ ಆಂಗ್ಲ ಅಧಿಕಾರಿಗಳನ್ನೇ ಅಳಿಸಿ ಮೊಣಕಾಲೂರಿಸಿದ ಆಸಾಮಿ.

ಮೋಗ್ಲಿಂಗ್ ಮಂಗಳೂರಿನಲ್ಲಿ ಮಾಡಿದ್ದು ಇದಕ್ಕಿಂತ ಸದ್ದಿಲ್ಲದ ಕೆಲಸ, ಆದರೆ ಹೆಚ್ಚು ಅಪಾಯದ್ದು. ಹುಡುಗರ ವಸತಿಶಾಲೆ ನಡೆಸುತ್ತ ಅವರ ಜೊತೆಯಲ್ಲೇ ಇದ್ದರು, ಅವರು ಉಂಡ ಅನ್ನವನ್ನೇ ಉಂಡರು. ಐರೋಪ್ಯನೊಬ್ಬ ಬಂಗಲೆ, ಬಟ್ಲರ್, ಮೇಜು, ಚಮಚ ಬಿಟ್ಟು ಬದುಕುವುದು ಆ ಕಾಲದಲ್ಲಿ ಸಣ್ಣ ಸಂಗತಿಯಲ್ಲ. ಅದು ಉಳಿದವರ ಬದುಕಿನ ಮೇಲೆ ಮಾಡಿದ ಟೀಕೆಯೂ ಆಗುತ್ತಿತ್ತು. ಅವರ ಶಿಷ್ಯ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಯುವಕ 1844ರ ಜನವರಿಯಲ್ಲಿ ದೀಕ್ಷಾಸ್ನಾನ ಪಡೆದಾಗ ಮಂಗಳೂರೇ ಕದಡಿಹೋಯಿತು. 1846ರಲ್ಲಿ ಮೋಗ್ಲಿಂಗ್ ಅವರನ್ನು ತಮ್ಮ ಜೊತೆಗೆ ಬಾಸೆಲಿಗೆ ಕರೆದೊಯ್ದರು. ಕೌಂಡಿನ್ಯ ಅಲ್ಲಿನ ಸೆಮಿನರಿಯಲ್ಲಿ ಓದಿ, 1851ರಲ್ಲಿ ಗುರುಪಟ್ಟ ಪಡೆದು, ಐರೋಪ್ಯರಿಗೆ ಸಮನಾದ ಮಿಶನರಿಯಾಗಿ ಮರಳಿದರು. 'ಮಂಗಳೂರ ಸಮಾಚಾರ'ದ ಸಂಪಾದಕರಾಗಿ ಕನ್ನಡ ನಾಡು ಮೋಗ್ಲಿಂಗರನ್ನು ನೆನೆಯುತ್ತದೆ. ಮಿಶನ್ನಿನ ಒಳಗಣ ಕಣ್ಣಿಗೆ ಅದಕ್ಕಿಂತ ವಿಚಿತ್ರವಾಗಿ ಕಂಡದ್ದು 1848ರಿಂದ 1853ರವರೆಗೆ ಅವರು ಅಚ್ಚು ಹಾಕಿಸಿದ ಹಳೆಯ ಕನ್ನಡ ಕಾವ್ಯಗಳು. ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು! ಅದಕ್ಕೆ ಹಣ ಕೊಟ್ಟವರು ಕೇತಿಯಲ್ಲಿ ನೆಲೆಸಿದ್ದ ನಿವೃತ್ತ ನ್ಯಾಯಾಧೀಶ ಕಾಸಮೇಜರ್. ಸುವಾರ್ತೆ ಸಾರಲು ಹೋದವರು ವೈಷ್ಣವ, ವೀರಶೈವ ಗ್ರಂಥಗಳಿಗೆ ಪ್ರಕಾಶಕರಾಗುವುದೇ ಎಂದು ಯಾರಾದರೂ ಕೇಳಿದ್ದರೆ ಅದು ನ್ಯಾಯವಾದ ಪ್ರಶ್ನೆಯೇ.

ಪ್ರಶ್ನೆ ಕೇಳುವವರು 1851ರ ಕೊನೆಯಲ್ಲಿ ಬಂದಿಳಿದರು. ಯೋಸೆಫ್ ಯೋಸೆನ್‌ಹಾನ್ಸ್ ಅದರ ಹಿಂದಿನ ವರ್ಷವಷ್ಟೇ ಬಾಸೆಲ್ ಮಿಶನ್ನಿನ ಇನ್‌ಸ್ಪೆಕ್ಟರ್, ಎಂದರೆ ಮುಖ್ಯಸ್ಥ, ಆಗಿದ್ದರು. 1879ರವರೆಗೂ ಆ ಪೀಠ ಬಿಡಲಿಲ್ಲ. ಠಾಣೆಯಿಂದ ಠಾಣೆಗೆ ತಿರುಗಿ ಅವರು ಕಂಡದ್ದೇನು? ಒಂದೊಂದು ಊರಿನಲ್ಲಿ ಒಂದೊಂದು ಪದ್ಧತಿ. ಕಣ್ಣೂರಿನಲ್ಲಿ ಹೆಬಿಕರ ಅಳು, ಮಂಗಳೂರಿನಲ್ಲಿ ಮೋಗ್ಲಿಂಗರ ಊಟ, ತಲಚೇರಿಯಲ್ಲಿ ಗುಂಡರ್ಟರ ನಿಘಂಟು. ಒಬ್ಬೊಬ್ಬ ಮಿಶನರಿಯೂ ಒಂದೊಂದು ಪಾಳೆಯಗಾರ. ಇನ್‌ಸ್ಪೆಕ್ಟರರು ಎಲ್ಲವನ್ನೂ ಒಂದು ಸೂತ್ರಕ್ಕೆ ತಂದರು. ಠಾಣೆಗೆ ಒಂದು ಸಭೆ, ಜಿಲ್ಲೆಗೆ ಒಂದು ಸಭೆ, ಅದರ ಮೇಲೆ ಮಹಾಸಭೆ, ಎಲ್ಲದರ ಮೇಲೆ ಬಾಸೆಲಿನ ಸಮಿತಿ. ಮದುವೆಯಾಗಬೇಕಾದರೂ ಮಿಶನರಿಗೆ ಸಮಿತಿಯ ಅಪ್ಪಣೆ ಬೇಕು. ಮುಂದಿನ ವರ್ಷಗಳಲ್ಲಿ ದೇಶೀ ಸಭೆಗಳಿಗೂ ಲಿಖಿತ ಕಟ್ಟಳೆ ಬಂತು. ಊರಿನ ಸಭಾ ಹಿರಿಯರ ಮಂಡಳಿ, ಅದರ ತಲೆಗೆ ಮಿಶನರಿ, ದೃಢೀಕರಣಕ್ಕೆ ಮೊದಲು ಬಾಯಿಪಾಠವಾಗಬೇಕಾದ ಪ್ರಶ್ನೋತ್ತರ, ಭಾನುವಾರದ ಆರಾಧನೆಗೆ ವ್ಯುರ್ಟೆಂಬರ್ಗಿನ ಲೂಥರನ್ ಕ್ರಮವನ್ನು ಅನುಸರಿಸಿದ ಪುಸ್ತಕ, ಹಾಡಲು ಜರ್ಮನ್ ರಾಗಗಳು.

ಹೊಸ ಅಧಿಕಾರಿ ಬಂದ, ಹಳೆಯ ಸ್ವಾತಂತ್ರ್ಯ ಕಿತ್ತ ಎಂದು ಇದನ್ನು ಮುಗಿಸಿಬಿಡಬಹುದು. ಆದರೆ ಯೋಸೆನ್‌ಹಾನ್ಸರ ಪಕ್ಷದಲ್ಲೂ ಹೇಳಲು ಮಾತಿದೆ. ಮಿಶನರಿ ಸತ್ತರೆ, ಊರು ಬಿಟ್ಟರೆ ಅವನ ವ್ಯಕ್ತಿತ್ವದ ಮೇಲೆ ನಿಂತ ಸಭೆ ಏನಾಗಬೇಕು? ಮಲೇರಿಯಾ, ಕಾಲರಾಗಳ ನಾಡಿನಲ್ಲಿ ಅದು ಪುಸ್ತಕದ ಪ್ರಶ್ನೆಯಲ್ಲ. ವೈಗ್ಲೆ 1855ರಲ್ಲೇ ತೀರಿಕೊಂಡರು. ಹಿರಿಯರ ಮಂಡಳಿ, ಲೆಕ್ಕದ ಪುಸ್ತಕ, ದೀಕ್ಷಾಸ್ನಾನದ ದಾಖಲೆ ಇವು ಇದ್ದದ್ದರಿಂದಲೇ ಸಭೆಗಳು ಮುಂದೊಂದು ದಿನ ಜರ್ಮನರೇ ಇಲ್ಲದಾಗಲೂ ಉಳಿದವು. ಕಟ್ಟಳೆ ಮಾಡಿದವರು ಆ ದಿನವನ್ನು ಎಣಿಸಿರಲಿಲ್ಲ, ಅಷ್ಟೆ.

ಮೋಗ್ಲಿಂಗ್ ಅವರಿಗೆ ಈ ಮನೆ ಇಕ್ಕಟ್ಟಾಯಿತು. ಯೂರೋಪಿಗೆ ಹಿಂತಿರುಗುವ ಮಾತು ನಡೆದಿರುವಾಗ, 1852ರ ಕೊನೆಯಲ್ಲಿ, ಆಲಮಂಡ ಸೋಮಯ್ಯ ಎಂಬ ಕೊಡವರು ಘಟ್ಟ ಇಳಿದು ಮಂಗಳೂರಿಗೆ ಬಂದರು. ದೀಕ್ಷಾಸ್ನಾನ ಬೇಕು ಎಂದರು. ಅದೇ ವರ್ಷ ಜೂನಿನಲ್ಲಿ ಪದಚ್ಯುತ ರಾಜ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮ ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ವಿಕ್ಟೋರಿಯಾ ರಾಣಿಯ ಸಮ್ಮುಖದಲ್ಲಿ ಕ್ರೈಸ್ತಳಾಗಿದ್ದಳು. ಪತ್ರಿಕೆಗಳ ಕಣ್ಣೆಲ್ಲ ಅತ್ತ. ಮಿಶನ್ನಿನ ಕಥೆ ತಿರುಗಿದ್ದು ಈ ರೈತನಿಂದ. ಸೋಮಯ್ಯನವರಿಗೆ ಸ್ತೆಫಾನ ಎಂಬ ಹೆಸರಿಟ್ಟು, ಅವರ ಜೊತೆ ಮೋಗ್ಲಿಂಗ್ ಕೊಡಗಿಗೆ ಹೊರಟುಬಿಟ್ಟರು. ಬಾಸೆಲಿನ ನಕಾಶೆಯಲ್ಲಿ ಕೊಡಗು ಇರಲಿಲ್ಲ. ಸಮಿತಿ ಕೂಡಲೇ ಹೊಣೆ ಹೊರಲಿಲ್ಲ. ಗೆಳೆಯರ ದೇಣಿಗೆಯ ಮೇಲೆ, ಆಲಮಂಡ ಕುಟುಂಬದ ನೆಲದಲ್ಲಿ, ಮಳೆಗಾಲದ ಜಿಗಣೆಗಳ ನಡುವೆ, ಶಿಸ್ತಿನ ಮಿಶನ್ನಿನ ಅತ್ಯಂತ ಹಿರಿಯ ಪಂಡಿತರೊಬ್ಬರು ತಾವಾಗಿಯೇ ಒಂದು ಠಾಣೆ ಹೂಡಿದರು. ಅಲ್ಲಿಂದಲೇ 1855ರಲ್ಲಿ ಕೊಡಗಿನ ಇತಿಹಾಸದ ಮೇಲೆ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೂ ಬರೆದು ಪ್ರಕಟಿಸಿದರು.

ಸೋಮಯ್ಯ ವಂಶಪಾರಂಪರ್ಯದ ಜಮ್ಮಾ ಭೂಮಿಯ ಒಕ್ಕದವರು, ಎಂದರೆ ಕೂಡುಕುಟುಂಬದವರು. ಒಕ್ಕದ ಆಸ್ತಿ ಹಂಚುವಂಥದ್ದಲ್ಲ; ಜಾತಿ ಬಿಟ್ಟವನಿಗೆ ಅದರಲ್ಲಿ ಹಕ್ಕಿದೆಯೇ ಎಂಬುದು ದೊಡ್ಡ ತಕರಾರು. ಅದು ಒಂದು ಬದಿ. ಇನ್ನೊಂದು ಬದಿಯಲ್ಲಿ, ಕೆಲವೇ ವರ್ಷಗಳಲ್ಲಿ ಕೊಡವರ ಮನೆಗಳಿಗೆ ತಲೆತಲಾಂತರದಿಂದ ಕಟ್ಟುಬಿದ್ದಿದ್ದ ಹೊಲೆಯರು ಮೋಗ್ಲಿಂಗರ ಬಳಿಗೆ ಗುಂಪಾಗಿ ಬರತೊಡಗಿದರು. ಅವರಿಗಾಗಿ ಕೊಡಗಿನ ತೆಂಕಣ ಭಾಗದಲ್ಲಿ, ಇಂದಿನ ಸಿದ್ದಾಪುರದ ಸೀಮೆಯಲ್ಲಿ, ಆನಂದಪುರ ಎದ್ದಿತು. ಒಡೆಯರ ಮನೆಯಿಂದ ಬಂದ ಒಬ್ಬ, ಒಡೆಯರ ಕೊಟ್ಟಿಗೆಯಿಂದ ಬಂದ ನೂರು ಮಂದಿ; ಕರ್ತನ ಭೋಜನದ ಬಟ್ಟಲು ಮಾತ್ರ ಒಂದೇ. ಯೂರೋಪಿನ ಲೂಥರನ್ನರು ಕಾಗದದ ಮೇಲೆ ಕಾದಾಡುತ್ತಿದ್ದ ಜಾತಿಯ ಪ್ರಶ್ನೆ ಇಲ್ಲಿ ಊಟದ ಪಂಕ್ತಿಯಾಗಿ ಎದುರು ನಿಂತಿತು.

ಆ ಕಾಗದದ ಕಾದಾಟವನ್ನು ಇಲ್ಲಿ ಹೇಳಲೇಬೇಕು. 1850ರಲ್ಲಿ ಮದ್ರಾಸಿನಲ್ಲಿ ಬಹುತೇಕ ಎಲ್ಲ ಪ್ರಾಟೆಸ್ಟಂಟ್ ಮಿಶನ್ನುಗಳೂ ಸೇರಿ, ಜಾತಿ ಇಟ್ಟುಕೊಂಡವನಿಗೆ ಸಭೆಯಲ್ಲಿ ಜಾಗವಿಲ್ಲ, ಎಲ್ಲರೊಡನೆ ಕುಳಿತು ಉಣ್ಣದವನಿಗೆ ದೀಕ್ಷಾಸ್ನಾನವಿಲ್ಲ ಎಂದು ನಿರ್ಣಯಿಸಿದವು. ಹೊರಗೆ ನಿಂತದ್ದು ಲೈಪ್‌ಜಿಗ್ಗಿನ ಲೂಥರನ್ನರು. ಅವರ ನಿರ್ದೇಶಕ ಕಾರ್ಲ್ ಗ್ರೌಲ್ 1849ರಿಂದ ಹಲವು ವರ್ಷ ಈ ದೇಶದಲ್ಲೇ ಇದ್ದು ತಮಿಳು ಕಲಿತು, ತಿರುಕ್ಕುರಳನ್ನು ಜರ್ಮನ್ನಿಗೆ ತಂದವರು. ಜಾತಿ ಬಹುಮಟ್ಟಿಗೆ ಸಮಾಜದ ಏರ್ಪಾಡು, ಪಾಪವಲ್ಲ. ಸುವಾರ್ತೆ ಒಳಗಿಳಿದರೆ ತಾನಾಗಿ ಸಡಿಲುತ್ತದೆ, ಬಲವಂತದ ಊಟದಿಂದ ಕ್ರೈಸ್ತರಾಗುವುದಿಲ್ಲ ಎಂಬುದು ಅವರ ವಾದ. ನಿಷ್ಠ ಲೂಥರನ್ನರು ನಂಬಿಕೆಯ ಅರಿಕೆಯಲ್ಲಿ ಕೂದಲೆಳೆಯಷ್ಟೂ ಬಿಟ್ಟುಕೊಡದವರು, ಊರಿನ ಸಂಪ್ರದಾಯಕ್ಕೆ ಮಾತ್ರ ಬಾಗಿಲು ತೆರೆದಿಟ್ಟರು. ಅರಿಕೆಯಲ್ಲಿ ಹೊಂದಾಣಿಕೆ ಮಾಡಿಕೊಂಡ ಬಾಸೆಲಿನವರು ಜಾತಿಯಲ್ಲಿ ಒಂದಿಂಚೂ ಜಗ್ಗಲಿಲ್ಲ. ಲೈಪ್‌ಜಿಗ್ಗಿನ ಒಳಗೂ ಇದು ಮನೆ ಒಡೆಯಿತು. ಅವರದೇ ಮಿಶನರಿ ಕಾರ್ಲ್ ಓಕ್ಸ್ ಜಾತಿಯ ವಿಷಯದಲ್ಲಿ ಮುನಿದು ಹೊರನಡೆದು, ಕೊನೆಗೆ ಡೇನಿಷ್ ಮಿಶನ್ ಸೇರಿದರು.

ದೇಶೀಯ ಸಂಸ್ಕೃತಿಯನ್ನು ಗೌರವಿಸಿದ ಪಾದ್ರಿಗಳನ್ನು ನಾವೀಗ ಮೆಚ್ಚಿಕೊಂಡು ಬರೆಯುತ್ತೇವೆ. ಗ್ರೌಲ್ ಅಂಥವರೇ. ಆದರೆ ಆ ಗೌರವದ ಗಾಡಿಯಲ್ಲಿ ಕುರಳಿನ ಜೊತೆಗೆ ಪಂಕ್ತಿಭೇದವೂ ಹತ್ತಿ ಕುಳಿತಿತ್ತು. ಮೋಗ್ಲಿಂಗ್ ದೊಡ್ಡವರಾಗಿ ಕಾಣುವುದು ಇಲ್ಲಿ. ಜೈಮಿನಿಯನ್ನು ಅಚ್ಚು ಹಾಕಿಸಿದರು, ನೆಲದ ಮೇಲೆ ಕುಳಿತು ಉಂಡರು, ಪಕ್ಕದಲ್ಲಿ ಯಾರು ಕೂರಬೇಕೆಂಬುದನ್ನು ಮಾತ್ರ ಊರಿನ ಸಂಪ್ರದಾಯಕ್ಕೆ ಬಿಡಲಿಲ್ಲ. ಅನುಕೂಲವಾದ ಸಂಪ್ರದಾಯವನ್ನು ಮೆಚ್ಚುವುದು ಸುಲಭ. ಅವರು ಆರಿಸಿಕೊಂಡರು, ಆರಿಸಿಕೊಂಡದ್ದಕ್ಕೆ ಬೆಲೆಯನ್ನೂ ತೆತ್ತರು. ಕೊಡವರ ಸಾಮೂಹಿಕ ಪರಿವರ್ತನೆಯ ಆಸೆ ಕೈಗೂಡಲಿಲ್ಲ. ಹೊಲೆಯರು ನೆಲೆಸಿದ ಕಡೆ ಒಡೆಯರು ಬರುವುದಿಲ್ಲವೆಂಬುದು ಅವರಿಗೆ ಗೊತ್ತಾಗದ ಸಂಗತಿಯೇನಲ್ಲ. ಸಾಲ, ಕಾಯಿಲೆಗಳ ನಡುವೆ ಕೊಡಗಿನ ಠಾಣೆಯನ್ನು ಬಾಸೆಲ್ ತನ್ನ ಕೈಗೆ ತೆಗೆದುಕೊಂಡ ಮೇಲೆ, 1860ರಲ್ಲಿ ಮೋಗ್ಲಿಂಗ್ ಭಾರತ ಬಿಟ್ಟರು. ಟ್ಯೂಬಿಂಗನ್ ಅವರಿಗೆ ಆಗಲೇ ಗೌರವ ಡಾಕ್ಟರೇಟ್ ಕೊಟ್ಟಿತ್ತು, 1858ರಲ್ಲಿ. 1881ರಲ್ಲಿ ಅವರು ತೀರಿಕೊಂಡಾಗ ಜೀವನಚರಿತ್ರೆ ಬರೆದವರು ಗುಂಡರ್ಟ್.

ಜಾತಿ ಬಿಡಿಸಿದ್ದಕ್ಕೆ ಇನ್ನೊಂದು ಫಲವೂ ಬಂತು. ಜಾತಿಯ ಜೊತೆ ಕಸುಬು ಹೋಗುತ್ತದೆ, ಮನೆ ಹೋಗುತ್ತದೆ. ಶೇಂದಿ ಇಳಿಸುವುದು ಕ್ರೈಸ್ತನಿಗೆ ತಕ್ಕದ್ದಲ್ಲ ಎಂದು ಮಿಶನ್ ಹೇಳಿದ ಮೇಲೆ ಬಿಲ್ಲವ ಕುಟುಂಬಗಳು ಉಣ್ಣುವುದೇನು? ನೇಯ್ಗೆ, ಮುದ್ರಣ, 1865ರಲ್ಲಿ ಜೆಪ್ಪುವಿನಲ್ಲಿ ಗೇಯಾರ್ಗ್ ಪ್ಲೆಬ್ಸ್ಟ್ ಆರಂಭಿಸಿದ ಹಂಚಿನ ಕಾರ್ಖಾನೆ ಹುಟ್ಟಿದ್ದು ಈ ಇಕ್ಕಟ್ಟಿನಿಂದ. ಮಂಗಳೂರು ಹಂಚು ಕರಾವಳಿ, ಮಲೆನಾಡು, ಮಲಬಾರುಗಳ ಮಾಡನ್ನೆಲ್ಲ ಕೆಂಪು ಮಾಡಿತು. ಕಣ್ಣೂರು, ಕಲ್ಲಿಕೋಟೆಗಳಲ್ಲೂ ಮಿಶನ್ನಿನ ಮಗ್ಗಗಳು, ಹಂಚಿನ ಗೂಡುಗಳು ಎದ್ದವು. ಅದರ ಕಥೆ ಬೇರೆ, ಬೇಕಾದಷ್ಟು ಜನ ಬರೆದಿದ್ದಾರೆ.

ಮೋಗ್ಲಿಂಗ್ ಬಿಟ್ಟುಹೋದ ಜಗಳವನ್ನು ಎತ್ತಿಕೊಂಡವರು ಫರ್ಡಿನೆಂಡ್ ಕಿಟ್ಟೆಲ್. ಉತ್ತರ ಜರ್ಮನಿಯ ಲೂಥರನ್ ಪಾದ್ರಿಯ ಮಗ, 1853ರಲ್ಲಿ ಬಂದವರು. ಕನ್ನಡಿಗರಿಗೆ ಕನ್ನಡಿಗನಾಗಬೇಕೆಂಬ ಹಟ, ಒಂಟಿಯಾಗಿ ಊರೂರು ಅಲೆಯುವ ಅಭ್ಯಾಸ ಯೋಸೆನ್‌ಹಾನ್ಸರ ಶಿಸ್ತಿಗೆ ಸರಿಬರಲಿಲ್ಲ. 1862ರಲ್ಲಿ ಕ್ರಿಸ್ತನ ಕಥೆಯನ್ನು ದೇಶೀ ಛಂದಸ್ಸಿನಲ್ಲಿ ಹಾಡುವಂತೆ 'ಕಥಾಮಾಲೆ' ಬರೆದರು. ಕನ್ನಡದ ಬಾಯಿಗೆ ಕನ್ನಡದ ಮಟ್ಟು ಬೇಕೆಂಬುದು ಅವರ ನಿಲುವು. ಜರ್ಮನ್ ರಾಗಕ್ಕೆ ಕನ್ನಡ ಪದಗಳನ್ನು ಹಿಗ್ಗಿಸಿ ಕುಗ್ಗಿಸಿ ತುಂಬಿದ ಹಾಡುಗಳನ್ನು ಕೇಳಿದ ಯಾರಿಗೂ ಆ ನಿಲುವು ಅರ್ಥವಾಗುತ್ತದೆ. ಜೊತೆಗಾರ ಮಿಶನರಿಗಳಲ್ಲಿ ಹಲವರಿಗೆ ಅದು ಹಿಡಿಸಲಿಲ್ಲ. ದೇಶೀ ಮಟ್ಟಿನ ಜೊತೆಗೆ ದೇವಸ್ಥಾನದ ಹೊಸ್ತಿಲೂ ಒಳಗೆ ಬರುತ್ತದೆಂಬ ಅಂಜಿಕೆ. ಕಿಟ್ಟೆಲ್ ಮಿಶನ್ನಿನೊಳಗೆ ಒಂಟಿಯಾದರು, ಪುಸ್ತಕಗಳ ಕಡೆಗೆ ತಳ್ಳಿಸಿಕೊಂಡರು. ಕೊಡಗಿನ ಮಡಿಕೇರಿ, ಆನಂದಪುರಗಳಲ್ಲೂ ಕೆಲವು ವರ್ಷ ಕಳೆದರು. ನಾಗವರ್ಮನ ಛಂದಸ್ಸು 1875ರಲ್ಲಿ, ನಿಘಂಟು 1894ರಲ್ಲಿ ಬಂತು. ಕನ್ನಡಕ್ಕೆ ಲಾಭವಾದದ್ದು ಅವರ ಸಭೆಯೊಳಗಿನ ಸೋಲಿನಿಂದ. ಅವರನ್ನು ಒಳ್ಳೆಯ ಪ್ರಸಂಗಿಯೆಂದು ಮೆಚ್ಚಿ ಸಂತೆಯಿಂದ ಸಂತೆಗೆ ಕಳಿಸಿದ್ದರೆ ನಮಗೆ ಆ ನಿಘಂಟು ಸಿಗುತ್ತಿತ್ತೋ ಇಲ್ಲವೋ.

ಕಟ್ಟುನಿಟ್ಟಿಗೆ ಕೊನೆಯಿಲ್ಲ ಎಂ‍ಬುದಕ್ಕೆ ತಮಿಳುನಾಡಿನ ಗಡಿಯ ಕೃಷ್ಣಗಿರಿ ಸಾಕ್ಷಿ. ಬಾಸೆಲನ್ನು ಸಡಿಲ ಎನ್ನುತ್ತಿದ್ದ ಲೈಪ್‌ಜಿಗ್ ತಾನೇ ಸಡಿಲವೆಂದು 1890ರ ದಶಕದಲ್ಲಿ ಅದರ ಕೆಲವು ತರುಣರು ಬಂಡೆದ್ದರು. ಬೈಬಲಿನ ಅಕ್ಷರಕ್ಷರವೂ ದೈವಪ್ರೇರಿತ ಎಂಬ ಉಪದೇಶದಲ್ಲಿ ಮಿಶನ್ ಜಾರಿದೆ ಎಂಬುದು ಅವರ ದೂರು. ಮಿಶನ್ನಿನಿಂದ ಹೊರಬಿದ್ದ ಥಿಯೋಡೋರ್ ನೇತರ್, ಫ್ರಾಂಝ್ ಮೋನ್ ಇಬ್ಬರೂ ಅಮೆರಿಕದ ಮಿಸ್ಸೌರಿ ಸಿನಡ್ ಸೇರಿ, 1895ರಲ್ಲಿ ಅದರ ಮಿಶನರಿಗಳಾಗಿ ಕೃಷ್ಣಗಿರಿಯಲ್ಲಿ ಕೆಲಸ ಶುರುಮಾಡಿದರು. ಇಂದಿನ ಇಂಡಿಯಾ ಇವಾಂಜೆಲಿಕಲ್ ಲೂಥರನ್ ಸಭೆಯ ಮೂಲ ಅದು. ತಿರುವಾಂಕೂರಿನವರೆಗೂ ಅದರ ಕೈ ಚಾಚಿತು.

ಪಶ್ಚಿಮ ಕರಾವಳಿಯ ಸಭೆಗಳಿಗೆ ನಿಜವಾದ ಪೆಟ್ಟು ಬಿದ್ದದ್ದು ಯಾವ ಉಪದೇಶದಿಂದಲೂ ಅಲ್ಲ. 1914ರಲ್ಲಿ ಯುದ್ಧ ಹತ್ತಿತು. ಜರ್ಮನ್ ಮಿಶನರಿಗಳು ಬ್ರಿಟಿಷ್ ಸರಕಾರಕ್ಕೆ ಶತ್ರುದೇಶದ ಪ್ರಜೆಗಳಾದರು. ಕೆಲವರನ್ನು ಅಹಮದ್‌ನಗರದ ಬಂದೀಖಾನೆಯಲ್ಲಿಟ್ಟರು, ಬಳಿಕ ಹಡಗು ಹತ್ತಿಸಿ ಕಳಿಸಿದರು. ಹಂಚು, ನೇಯ್ಗೆಯ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಎಂಬತ್ತು ವರ್ಷ ಬಾಸೆಲಿನ ಸಮಿತಿಯ ಕಡೆ ಮುಖ ಮಾಡಿ ಕುಳಿತಿದ್ದ ಸಭೆಗಳು ಒಮ್ಮೆಲೇ ತಮ್ಮ ಮುಖವನ್ನು ತಾವೇ ನೋಡಿಕೊಳ್ಳಬೇಕಾಯಿತು. ಹಿರಿಯರ ಮಂಡಳಿಗಳು, ದೇಶೀ ಪಾದ್ರಿಗಳು, ಉಪದೇಶಿಗಳು, ಶಾಲಾಮಾಸ್ತರರು ಸಭೆಯನ್ನು ಹೊತ್ತು ನಿಂತರು.

ದಾರಿ ಕವಲೊಡೆದದ್ದು ಇಲ್ಲಿ. ಮಲಬಾರಿನ ಸಭೆಗಳು 1919ರಲ್ಲಿ ದಕ್ಷಿಣ ಭಾರತ ಸಂಯುಕ್ತ ಸಭೆಯನ್ನು ಸೇರಿದವು. ಕಾಂಗ್ರಿಗೇಶನಲಿಸ್ಟರು, ಪ್ರೆಸ್ಬಿಟೇರಿಯನ್ನರು 1908ರಲ್ಲಿ ಕೂಡಿ ಕಟ್ಟಿಕೊಂಡಿದ್ದ ಸಭೆ ಅದು. ಲೂಥರನ್ ಎಂಬ ಹಣೆಪಟ್ಟಿ ಅದಕ್ಕಿಲ್ಲ. ವಯನಾಡು ಆಗ ಮಲಬಾರ್ ಜಿಲ್ಲೆಯ ಒಂದು ತಾಲೂಕು. ಸಭೆಯ ಲೆಕ್ಕದಲ್ಲೂ ಅದು ಮಲಬಾರಿನ ಜೊತೆಗೇ ನಡೆಯಿತು. ದಕ್ಷಿಣ ಕನ್ನಡ ಮತ್ತು ಕೊಡಗಿನ ಸಭೆಗಳು ಹೋಗಲಿಲ್ಲ. ಬಾಸೆಲಿನವರು ಮರಳಿ ಬರುವುದನ್ನು ಕಾದವು. ಬಂದ ಮೇಲೆ ಹಳೆಯ ನಂಟನ್ನು ಹೊಸದಾಗಿ ಹೆಣೆದುಕೊಂಡವು. ಆನಂದಪುರದವರು ಬಾಸೆಲಿನ ಮಕ್ಕಳಾಗಿಯೇ ಉಳಿದರು, ತೆಂಕಣ ಗಡಿಯ ಆಚೆಗಿನ ದಾಯಾದಿಗಳು ಬೇರೆ ಸಭೆಯವರಾದರು.

ಅದೇ 1919ರ ಮೇ ತಿಂಗಳಲ್ಲಿ ಭಾರತೀಯ ಪಾದ್ರಿಗಳ ಒಂದು ಗುಂಪು ಎಲ್ಲ ಸಭೆಗಳ ಐಕ್ಯಕ್ಕೆ ಕರೆಕೊಟ್ಟಿತು. ಮುಂಚೂಣಿಯಲ್ಲಿದ್ದವರು ದೋರ್ನಕಲ್ಲಿನ ಬಿಷಪ್ ಅಜರಾಯ. ನಮ್ಮನ್ನು ಬೇರೆ ಮಾಡಿದ ಜಗಳಗಳು ನಾವು ಆಡಿದವಲ್ಲ, ಪಡುವಣದಿಂದ ನಮ್ಮ ತಲೆಗೆ ಬಂದವು ಎಂಬುದು ಅವರ ಮಾತಿನ ಸಾರ. ಅವರು ಕೂಡಿದ ಜಾಗ ತರಂಗಂಬಾಡಿ, ಭಾರತದ ಲೂಥರನ್ನರ ತವರು. ಆ ತವರಿನ ಲೂಥರನ್ನರು ಮಾತ್ರ ಐಕ್ಯಕ್ಕೆ ಬರಲಿಲ್ಲ.

ಐಕ್ಯ ಫಲಿಸಲು ಇಪ್ಪತ್ತೆಂಟು ವರ್ಷ ಹಿಡಿಯಿತು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲಿನಲ್ಲಿ ದಕ್ಷಿಣ ಭಾರತ ಸಭೆ, ಎಂದರೆ ನಾವು ಸಿ.ಎಸ್.ಐ. ಎನ್ನುವುದು, ಉದಯವಾಯಿತು. ಆಂಗ್ಲಿಕನ್ನರು, ಮೆಥೊಡಿಸ್ಟರು, ಸಂಯುಕ್ತ ಸಭೆಯವರು ಒಂದಾದರು. ಸಂಯುಕ್ತ ಸಭೆಯ ಜೊತೆ ಮಲಬಾರಿನ ಬಾಸೆಲ್ ಮಕ್ಕಳೂ, ಅವರೊಂದಿಗೆ ವಯನಾಡಿನವರೂ ಮೊದಲ ದಿನವೇ ಅದರೊಳಗಿದ್ದರು. ಮಂಗಳೂರಿನವರೂ ಕೊಡಗಿನವರೂ ಹೊರಗೆ.

ಹೊರಗುಳಿದವರು ಕಾಪಾಡುತ್ತಿದ್ದದ್ದು ಏನನ್ನು? ಊರಿನ ಹಿರಿಯರ ಮಂಡಳಿ ಸಭೆಯನ್ನು ನಡೆಸುವ ಪದ್ಧತಿ, ಅಜ್ಜಂದಿರ ಕಾಲದಿಂದ ಬಂದ ಆರಾಧನಾ ಕ್ರಮ, ಲೂಥರನ ಚಿಕ್ಕ ಪ್ರಶ್ನೋತ್ತರ, ಜರ್ಮನ್ ರಾಗದ ಹಾಡುಗಳು. ಇವೇ ಅವರ ಸಂಪ್ರದಾಯ. ನೂರು ವರ್ಷ ಹಿಂದೆ ಇವೇ ಬದಲಾವಣೆಗಳಾಗಿದ್ದವು. ಯೋಸೆನ್‌ಹಾನ್ಸ್ ತಂದು ಹೇರಿದವು, ಮೋಗ್ಲಿಂಗ್ ಹೊರನಡೆದದ್ದು ಇವುಗಳಿಂದ, ಕಿಟ್ಟೆಲ್ ಒಂಟಿಯಾದದ್ದು ಈ ರಾಗಗಳಿಗೆ ಎದುರಾಡಿ. ಅವನ್ನು ಕಳೆದುಕೊಳ್ಳುವ ನೋವು ಮಂಗಳೂರಿನ ಹಿರಿಯರಿಗೆ ಸುಳ್ಳಾಗಿರಲಿಲ್ಲ. ತಾತ ಹಾಡಿದ ರಾಗ ಎಲ್ಲಿಂದ ಬಂತೆಂದು ಯಾರೂ ವಿಚಾರಿಸಿಕೊಂಡು ಹಾಡುವುದಿಲ್ಲ. ಹೇರಿಕೆಯಾಗಿ ಬಂದದ್ದು ಮೂರು ತಲೆಮಾರಿನ ಮದುವೆ, ಮಣ್ಣುಗಳಲ್ಲಿ ಬಳಕೆಯಾಗಿ, ಅವರದೇ ಆಗಿಹೋಗಿತ್ತು.

ಅವರಿಗಿಂತ ದೊಡ್ಡ ತಕರಾರು ತಮಿಳು, ತೆಲುಗು ನಾಡಿನ ಲೂಥರನ್ನರದು. ಬಿಷಪರು ಬೇಡವೆಂಬುದು ಅವರ ಆಕ್ಷೇಪವಾಗಿರಲಿಲ್ಲ. 1919ರಲ್ಲಿ ರೂಪುಗೊಂಡ ತಮಿಳು ಲೂಥರನ್ ಸಭೆಗೆ 1921ರಿಂದಲೇ ಬಿಷಪರಿದ್ದರು. ಮೊದಲನೆಯವರು ಅರ್ನ್‌ಸ್ಟ್ ಹಾಯ್‌ಮನ್. ಅಪೊಸ್ತಲರಿಂದ ಕೈಯಿಂದ ಕೈಗೆ ಬಂದ ಬಿಷಪ್ ಪರಂಪರೆ ಇಲ್ಲದೆ ಸಭೆಗಳ ಐಕ್ಯವೇ ಇಲ್ಲ ಎಂಬ ಷರತ್ತನ್ನು ಅವರು ಒಪ್ಪಲಿಲ್ಲ. ಲೂಥರನ ಪ್ರಕಾರ ಸುವಾರ್ತೆಯ ಸಾರುವಿಕೆ, ಸಂಸ್ಕಾರಗಳ ಸರಿಯಾದ ನೆರವೇರಿಕೆ ಇವೆರಡಿದ್ದರೆ ಸಭೆ ಇದೆ. ಮಿಕ್ಕದ್ದು ಮನುಷ್ಯರ ಏರ್ಪಾಡು. ಏರ್ಪಾಡನ್ನು ಇಟ್ಟುಕೊಳ್ಳಬಹುದು, ಕಡ್ಡಾಯ ಮಾಡಬಾರದು. 1948ರಿಂದ ಎರಡು ಪಕ್ಷಗಳ ಪಂಡಿತರೂ ವರ್ಷವರ್ಷ ಕುಳಿತು ಧರ್ಮಶಾಸ್ತ್ರ, ಕರ್ತನ ಭೋಜನ, ಬಿಷಪ್ ಪದವಿ ಎಲ್ಲವನ್ನೂ ಜಾಲಾಡಿದರು. ಆಶ್ಚರ್ಯವೆಂದರೆ ಒಪ್ಪಿಗೆಯ ಹೇಳಿಕೆಗಳು ಒಂದೊಂದಾಗಿ ಸಿದ್ಧವಾದವು. ಒಕ್ಕೂಟ ಆಗಲಿಲ್ಲ. ಉಪದೇಶದ ತೊಡಕು ಬಿಡಿಸಿದ ಮೇಲೂ ಆಸ್ತಿ, ಆಡಳಿತ, ವಿದೇಶದ ನಂಟು, ತಮ್ಮವರೆಂಬ ಅಭಿಮಾನ ಉಳಿದಿದ್ದವು.

ಕನ್ನಡದ ಬಾಸೆಲ್ ಸಭೆಗಳು ಅಷ್ಟು ದೂರ ಎಳೆಯಲಿಲ್ಲ. ಮುಂಬಯಿ ಕರ್ನಾಟಕದ ಸಭೆಗಳು ಮೊದಲು, ದಕ್ಷಿಣ ಕನ್ನಡ ಮತ್ತು ಕೊಡಗಿನವು 1960ರ ದಶಕದ ಕೊನೆಯಲ್ಲಿ ಸಿ.ಎಸ್.ಐ.ಗೆ ಬಂದವು. ಅಷ್ಟರಲ್ಲಿ 1956ರ ರಾಜ್ಯ ಮರುವಿಂಗಡಣೆ ಮಲಬಾರನ್ನು ಕೇರಳಕ್ಕೂ ಮಂಗಳೂರು, ಕೊಡಗುಗಳನ್ನು ಮೈಸೂರಿಗೂ ಕೊಟ್ಟಾಗಿತ್ತು. 1970ರಲ್ಲಿ ಮೈಸೂರು ಬಿಷಪ್ ಪ್ರಾಂತ ಮೂರು ಪಾಲಾಗಿ, ಮಂಗಳೂರು ದಕ್ಷಿಣ ಪ್ರಾಂತದ ಕೇಂದ್ರವಾಯಿತು. ಆನಂದಪುರ ಅದರಡಿ ಬಂತು. ವಯನಾಡಿನ ಸಭೆಗಳು ಉತ್ತರ ಕೇರಳ ಪ್ರಾಂತದಲ್ಲಿದ್ದು, 2015ರಲ್ಲಿ ಅದು ಒಡೆದಾಗ ಕಲ್ಲಿಕೋಟೆಯ ಮಲಬಾರ್ ಪ್ರಾಂತಕ್ಕೆ ಸೇರಿದವು. ಹೀಗೆ 1919ರಲ್ಲಿ ಬೇರೆಯಾದವರು ಮತ್ತೆ ಒಂದೇ ಸಭೆಯವರಾದರು, ಆದರೆ ಒಂದೇ ಪ್ರಾಂತದವರಾಗಲಿಲ್ಲ. ಈ ಸಲ ಗೆರೆ ಎಳೆದದ್ದು ಬಾಸೆಲೂ ಅಲ್ಲ, ಲೈಪ್‌ಜಿಗ್ಗೂ ಅಲ್ಲ, ಭಾಷೆ. ಮಾನಂತವಾಡಿಯ ಕಡೆ ಆರಾಧನೆ ಮಲಯಾಳದಲ್ಲಿ, ಮಡಿಕೇರಿಯ ಕಡೆ ಕನ್ನಡದಲ್ಲಿ. ನಡುವಿನ ಕಾಡಂಚಿನಲ್ಲಿರುವ ರಾವುಳರ ಮನೆಮಾತು ಇವೆರಡೂ ಅಲ್ಲ.